ಮಾರ್ಷಲ್ ವಿಶ್ವವಿದ್ಯಾಲಯದ 1971ರ ಫುಟ್‌ಬಾಲ್ ಋತು

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ನಗರದಲ್ಲಿರುವ ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1971ರಲ್ಲಿ ಹತ್ತು ಪಂದ್ಯಗಳನ್ನಾಡಿ ಎರಡರಲ್ಲಿ ಗೆದ್ದಿತು, ಎಂಟರಲ್ಲಿ ಸೋತಿತು. ಅಂಕಿಅಂಶದ ಪಟ್ಟಿಯಲ್ಲಿ ಇದು ಸಾಧಾರಣವಾದ ಸೋಲಿನ ಋತು. ಆದರೆ ಅದಕ್ಕೆ ಹತ್ತು ತಿಂಗಳ ಹಿಂದೆ, 1970ರ ನವೆಂಬರ್ 14ರ ರಾತ್ರಿ, ಇದೇ ವಿಶ್ವವಿದ್ಯಾಲಯದ ಹೆಚ್ಚುಕಡಿಮೆ ಇಡೀ ತಂಡ ವಿಮಾನ ಅಪಘಾತದಲ್ಲಿ ಸತ್ತುಹೋಗಿತ್ತು. ಆಟಗಾರರಿಲ್ಲದೆ, ತರಬೇತುದಾರರಿಲ್ಲದೆ ನಿಂತುಹೋದ ತಂಡವನ್ನು ಮೊದಲ ಮತ್ತು ಎರಡನೆಯ ವರ್ಷದ ವಿದ್ಯಾರ್ಥಿಗಳನ್ನೇ ನಂಬಿಕೊಂಡು ಮತ್ತೆ ಕಟ್ಟಿ ಮೈದಾನಕ್ಕಿಳಿಸಿದ ವರ್ಷ ಇದು. ಅಮೆರಿಕದ ಕಾಲೇಜು ಕ್ರೀಡೆಯ ಇತಿಹಾಸದಲ್ಲಿ ಸೋತ ತಂಡವೊಂದು ಇಷ್ಟು ಗೌರವದಿಂದ ನೆನಪಿನಲ್ಲಿ ಉಳಿದಿರುವ ಉದಾಹರಣೆಗಳು ವಿರಳ.

ಆಟದ ಹಿನ್ನೆಲೆ

ಇಲ್ಲಿ ಹೇಳುತ್ತಿರುವುದು ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಭಾರತದಲ್ಲಿ ಫುಟ್‌ಬಾಲ್ ಎಂದು ಆಡುವ ಆಟಕ್ಕೆ ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ತಂಡದ ಹನ್ನೊಂದು ಮಂದಿ ಹೆಲ್ಮೆಟ್ ಮತ್ತು ರಕ್ಷಾಕವಚ ತೊಟ್ಟು, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ ಇಲ್ಲವೇ ಎಸೆಯುತ್ತಾರೆ. ಚೆಂಡು ಹೊಂದಿರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಎದುರಾಳಿಯ ಕಡೆಯ ಅಂತಿಮ ವಲಯಕ್ಕೆ ಚೆಂಡನ್ನು ಒಯ್ದರೆ ಅದು ಟಚ್‌ಡೌನ್. ಅದಕ್ಕೆ ಆರು ಅಂಕ. ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸುವ ಫೀಲ್ಡ್ ಗೋಲ್‌ಗೆ ಮೂರು ಅಂಕ. ಆಕ್ರಮಣದ ಸೂತ್ರ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಯಲ್ಲಿರುತ್ತದೆ.

ಮೈಗೆ ಮೈ ಬಡಿದು ಆಡುವ ಈ ಆಟದಲ್ಲಿ ಆಟಗಾರನ ವಯಸ್ಸು, ತೂಕ ಮತ್ತು ಅನುಭವಕ್ಕೆ ದೊಡ್ಡ ಬೆಲೆಯಿದೆ. ಹದಿನೆಂಟರ ಹುಡುಗನಿಗೂ ಇಪ್ಪತ್ತೆರಡರ ಯುವಕನಿಗೂ ದೇಹಬಲದಲ್ಲಿ ಎದ್ದುಕಾಣುವ ಅಂತರವಿರುತ್ತದೆ. ಅಲ್ಲದೆ ಆ ಕಾಲದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರದೇ ಪ್ರತ್ಯೇಕ ತಂಡವಿರುತ್ತಿತ್ತು. ಮಾರ್ಷಲ್‌ನ ಕಥೆಯಲ್ಲಿ ಈ ನಿಯಮ ಎರಡು ಬಾರಿ ಮುಖ್ಯವಾಗುತ್ತದೆ: 1970ರಲ್ಲಿ ಅದು ಕೆಲವರ ಜೀವ ಉಳಿಸಿತು, 1971ರಲ್ಲಿ ತಂಡ ಉಳಿಯಲು ಅದನ್ನೇ ಸಡಿಲಿಸಬೇಕಾಯಿತು.

ಶರತ್ಕಾಲದ ಪ್ರತಿ ಶನಿವಾರ ನಡೆಯುವ ಕಾಲೇಜು ಫುಟ್‌ಬಾಲ್ ಪಂದ್ಯ ಅಮೆರಿಕದ ಸಣ್ಣ ಊರುಗಳಲ್ಲಿ ವಿದ್ಯಾರ್ಥಿಗಳಿಗಷ್ಟೇ ಸೇರಿದ್ದಲ್ಲ. ಹಳೆಯ ವಿದ್ಯಾರ್ಥಿಗಳು, ವ್ಯಾಪಾರಿಗಳು, ವೈದ್ಯರು, ಕಾರ್ಮಿಕ ಕುಟುಂಬಗಳು ಎಲ್ಲರೂ ಸೇರುವ ಊರಹಬ್ಬ ಅದು. ತಂಡಕ್ಕೆ ಹಣ ಒದಗಿಸಿ, ಹೊರ ಊರಿನ ಪಂದ್ಯಗಳಿಗೂ ಜೊತೆಯಲ್ಲೇ ಹೋಗುವ ಬೂಸ್ಟರ್‌ಗಳು ಎಂಬ ಬೆಂಬಲಿಗರ ಬಳಗ ಪ್ರತಿ ಕಾಲೇಜಿಗೂ ಇರುತ್ತದೆ.

ಹಂಟಿಂಗ್ಟನ್ ಮತ್ತು ಮಾರ್ಷಲ್

ಒಹಾಯೊ ನದಿಯ ದಂಡೆಯ ಹಂಟಿಂಗ್ಟನ್ ನಗರ 1871ರಲ್ಲಿ ಚೆಸಪೀಕ್ ಆ್ಯಂಡ್ ಒಹಾಯೊ ರೈಲ್ವೆಯ ಪಶ್ಚಿಮ ತುದಿಯಾಗಿ ಹುಟ್ಟಿತು. ರೈಲ್ವೆ ಉದ್ಯಮಿ ಕೋಲಿಸ್ ಪಿ. ಹಂಟಿಂಗ್ಟನ್ ಅವರ ಹೆಸರೇ ಊರಿಗೂ ಬಂತು. 1970ರಲ್ಲಿ ಅದರ ಜನಸಂಖ್ಯೆ ಸುಮಾರು 74,000. ಊರಿಗಿಂತ ಶಾಲೆ ಹಳೆಯದು: ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ಮಾರ್ಷಲ್ ಅವರ ಹೆಸರಿನಲ್ಲಿ 1837ರಲ್ಲಿ ಮಾರ್ಷಲ್ ಅಕಾಡೆಮಿ ಆರಂಭವಾಗಿ, 1961ರಲ್ಲಿ ವಿಶ್ವವಿದ್ಯಾಲಯವಾಯಿತು. ಅದರ ತಂಡದ ಹೆಸರು ಥಂಡರಿಂಗ್ ಹರ್ಡ್. ಗುಡುಗಿನಂತೆ ಸದ್ದು ಮಾಡುತ್ತ ನುಗ್ಗುವ ಕಾಡೆಮ್ಮೆಗಳ ಹಿಂಡು ಎಂಬುದು ಅದರ ಭಾವ. ತಂಡದ ಬಣ್ಣ ಹಸಿರು ಮತ್ತು ಬಿಳಿ.

ದುರಂತಕ್ಕೆ ಮೊದಲೇ ಈ ತಂಡ ಕಷ್ಟದಲ್ಲಿತ್ತು. 1960ರ ದಶಕದ ಕೊನೆಯಲ್ಲಿ ಸತತ 27 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಾಗಿರಲಿಲ್ಲ. 1969ರಲ್ಲಿ ಆಟಗಾರರ ನೇಮಕಾತಿಯಲ್ಲಿ ನಿಯಮ ಮುರಿದ ಕಾರಣಕ್ಕೆ ಮಿಡ್-ಅಮೆರಿಕನ್ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಒಕ್ಕೂಟ ಮಾರ್ಷಲ್ ಅನ್ನು ಅಮಾನತು ಮಾಡಿತು. ಹೊಸ ತರಬೇತುದಾರ ರಿಕ್ ಟಾಲಿ ಆಗಿನ್ನೂ ಮೂವತ್ತರ ಆಸುಪಾಸಿನ ಯುವಕ. ಅವರು ಬಂದ ಮೇಲೆ ತಂಡ ಮೆಲ್ಲಗೆ ಚೇತರಿಸಿಕೊಂಡು, 1969ರಲ್ಲಿ ಬೌಲಿಂಗ್ ಗ್ರೀನ್ ವಿರುದ್ಧ ಗೆದ್ದು ಆ ಸರಣಿಯನ್ನು ಮುರಿಯಿತು. 1970ರ ನವೆಂಬರ್ ಹೊತ್ತಿಗೆ ಮೂರು ಗೆಲುವು ಕೈಸೇರಿದ್ದವು. ಊರಿನವರಿಗೆ ಒಳ್ಳೆಯ ದಿನಗಳು ಹತ್ತಿರವಿವೆ ಎನ್ನಿಸಿತ್ತು.

1970ರ ನವೆಂಬರ್ 14

ಆ ಶನಿವಾರ ತಂಡ ನಾರ್ತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಲ್ಲಿ ಈಸ್ಟ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ವಿರುದ್ಧ ಆಡಿ 17–14ರಿಂದ ಸೋತಿತು. ಸಾಮಾನ್ಯವಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದ ತಂಡಕ್ಕೆ ಆ ವರ್ಷ ಇದೊಂದೇ ವಿಮಾನ ಪ್ರಯಾಣ. ಸದರ್ನ್ ಏರ್‌ವೇಸ್ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಡಿಸಿ-9 ವಿಮಾನ ಸಂಜೆ ಕಿನ್‌ಸ್ಟನ್‌ನಿಂದ ಹೊರಟಿತು. ಹಂಟಿಂಗ್ಟನ್ ಬಳಿಯ ಟ್ರೈ-ಸ್ಟೇಟ್ ವಿಮಾನ ನಿಲ್ದಾಣ ಬೆಟ್ಟದ ಮೇಲಿದೆ. ಆ ರಾತ್ರಿ ಅಲ್ಲಿ ಮಳೆ ಮತ್ತು ಮಂಜು. ಇಳಿಯುವ ವಿಮಾನಕ್ಕೆ ಎತ್ತರದ ಮಾರ್ಗದರ್ಶನ ಕೊಡುವ ಗ್ಲೈಡ್ ಸ್ಲೋಪ್ ವ್ಯವಸ್ಥೆ ಆ ರನ್‌ವೇಗೆ ಇರಲಿಲ್ಲ. ರನ್‌ವೇ ಇನ್ನೂ ಸುಮಾರು ಒಂದು ಮೈಲಿ ದೂರವಿರುವಾಗಲೇ ವಿಮಾನ ಗುಡ್ಡದ ಮೇಲಿನ ಮರಗಳಿಗೆ ತಾಗಿ ಉರುಳಿಬಿದ್ದು ಹೊತ್ತಿ ಉರಿಯಿತು.

ಅದರಲ್ಲಿದ್ದ 75 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. 37 ಆಟಗಾರರು, ರಿಕ್ ಟಾಲಿ ಸೇರಿದಂತೆ ತರಬೇತಿ ಮತ್ತು ಕ್ರೀಡಾ ವಿಭಾಗದ ಎಂಟು ಮಂದಿ, 25 ಬೂಸ್ಟರ್‌ಗಳು, ಐವರು ವಿಮಾನ ಸಿಬ್ಬಂದಿ ಸತ್ತರು. ಬೂಸ್ಟರ್‌ಗಳಲ್ಲಿ ಊರಿನ ಹೆಸರಾಂತ ವೈದ್ಯರು ಮತ್ತು ಉದ್ಯಮಿಗಳಿದ್ದರು; ಹಲವರು ಪತ್ನಿಯರನ್ನೂ ಕರೆದುಕೊಂಡು ಹೋಗಿದ್ದರು. ಎಪ್ಪತ್ತು ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು. ಅವರಲ್ಲಿ ಹದಿನೆಂಟು ಮಂದಿಗೆ ಇಬ್ಬರೂ ಇಲ್ಲದಾದರು. ಅಲಬಾಮಾ ರಾಜ್ಯದ ಟಸ್ಕಲೂಸಾದ ಡ್ರೂಯಿಡ್ ಹೈಸ್ಕೂಲ್ ಎಂಬ ಒಂದೇ ಶಾಲೆಯಿಂದ ಬಂದಿದ್ದ ನಾಲ್ವರು ಆಟಗಾರರು ಸತ್ತವರ ಪಟ್ಟಿಯಲ್ಲಿದ್ದರು. ಗುರುತು ಹಿಡಿಯಲಾಗದ ಆರು ಆಟಗಾರರ ದೇಹಗಳನ್ನು ಹಂಟಿಂಗ್ಟನ್‌ನ ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿ ಅಕ್ಕಪಕ್ಕದಲ್ಲಿ ಸಮಾಧಿ ಮಾಡಲಾಯಿತು.

ರನ್‌ವೇ ಕಣ್ಣಿಗೆ ಬೀಳುವ ಮೊದಲೇ ವಿಮಾನ ನಿಗದಿತ ಕನಿಷ್ಠ ಎತ್ತರಕ್ಕಿಂತ ಕೆಳಗಿಳಿದದ್ದು ಅಪಘಾತಕ್ಕೆ ಕಾರಣವೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಎತ್ತರ ತೋರಿಸುವ ಉಪಕರಣದ ದೋಷವೋ, ಅದನ್ನು ಓದುವುದರಲ್ಲಿ ಆದ ತಪ್ಪೋ ಎಂಬುದು ಖಚಿತವಾಗಿ ತಿಳಿಯಲೇ ಇಲ್ಲ. ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ತಂಡವೊಂದಕ್ಕೆ ಒದಗಿದ ಅತಿ ದೊಡ್ಡ ವಿಮಾನ ದುರಂತ ಇದು. ಇದಕ್ಕೆ ಆರು ವಾರ ಮೊದಲು, ಅಕ್ಟೋಬರ್ 2ರಂದು, ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವನ್ನು ಹೊತ್ತ ಎರಡು ವಿಮಾನಗಳಲ್ಲಿ ಒಂದು ಕೊಲರಾಡೊ ಪರ್ವತಗಳಲ್ಲಿ ಬಿದ್ದು 31 ಮಂದಿ ಸತ್ತಿದ್ದರು.

ತಂಡ ಇರಬೇಕೇ, ಬೇಡವೇ

ದುಃಖದ ಮೊದಲ ವಾರಗಳಲ್ಲಿ ಫುಟ್‌ಬಾಲನ್ನೇ ಕೈಬಿಡಬೇಕೆಂಬ ಮಾತು ಬಲವಾಗಿತ್ತು. ಮಾರ್ಷಲ್ ದೊಡ್ಡ ವಿಶ್ವವಿದ್ಯಾಲಯವಲ್ಲ, ಒಕ್ಕೂಟದ ಆಸರೆಯೂ ಇಲ್ಲ. ಮಗನನ್ನು ಕಳೆದುಕೊಂಡ ತಂದೆತಾಯಿಯ ಮುಂದೆ ಮುಂದಿನ ವರ್ಷದ ಪಂದ್ಯದ ಮಾತೆತ್ತುವುದಾದರೂ ಹೇಗೆ ಎಂಬ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ನಿರ್ಧಾರ ಹಂಗಾಮಿ ಅಧ್ಯಕ್ಷ ಡೊನಾಲ್ಡ್ ಡೆಡ್ಮನ್ ಅವರ ಹೆಗಲ ಮೇಲೆ ಬಿತ್ತು.

ಆಟ ಮುಂದುವರಿಯಬೇಕೆಂದು ಗಟ್ಟಿಯಾಗಿ ಹೇಳಿದವರಲ್ಲಿ ಉಳಿದ ಆಟಗಾರರೇ ಮುಖ್ಯರು. ರಕ್ಷಣಾ ಆಟಗಾರ ನೇಟ್ ರಫಿನ್ ಗಾಯಗೊಂಡಿದ್ದರಿಂದ ಆ ಪ್ರಯಾಣಕ್ಕೆ ಹೋಗಿರಲಿಲ್ಲ. ಗೆಳೆಯರ ಅಂತ್ಯಕ್ರಿಯೆಗಳನ್ನು ನೋಡಿದ ಆತ, ತಂಡ ಅವರೊಡನೆಯೇ ಮುಗಿಯಬಾರದೆಂದು ಪಟ್ಟು ಹಿಡಿದರು. ಮುಖ್ಯ ತಂಡಕ್ಕೆ ಸೇರದ ಕಾರಣ ಪ್ರಯಾಣಿಸದೆ ಉಳಿದಿದ್ದ ಮೊದಲ ವರ್ಷದ ಆಟಗಾರರೂ ಜೊತೆಗೆ ನಿಂತರು. ಸಹಾಯಕ ತರಬೇತುದಾರ ವಿಲಿಯಂ 'ರೆಡ್' ಡಾಸನ್ ಹೊಸ ಆಟಗಾರರ ಹುಡುಕಾಟಕ್ಕಾಗಿ ರಸ್ತೆ ಮಾರ್ಗದಲ್ಲಿ ಹೋಗಿದ್ದರಿಂದ ಬದುಕಿದ್ದರು. ಸತ್ತ ಹುಡುಗರಲ್ಲಿ ಹಲವರನ್ನು ಮನೆಗೆ ಹೋಗಿ ಒಪ್ಪಿಸಿ ಕರೆತಂದವರಲ್ಲಿ ಅವರೂ ಒಬ್ಬರು. ಆ ಭಾರ ಹೊತ್ತುಕೊಂಡೇ ಅವರು 1971ರ ತಂಡ ಕಟ್ಟಲು ನೆರವಾದರು. ಆ ಋತು ಮುಗಿದ ಮೇಲೆ ತರಬೇತಿ ವೃತ್ತಿಯನ್ನೇ ಬಿಟ್ಟರು.

ಕೊನೆಗೆ ವಿಶ್ವವಿದ್ಯಾಲಯ ಆಡುವುದೆಂದೇ ತೀರ್ಮಾನಿಸಿತು. ಆದರೆ ತರಬೇತುದಾರರು ಸಿಗುವುದು ಸುಲಭವಿರಲಿಲ್ಲ. ಜಾರ್ಜಿಯಾ ಟೆಕ್‌ನ ಡಿಕ್ ಬೆಸ್ಟ್‌ವಿಕ್ ಒಪ್ಪಿಕೊಂಡು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. 1971ರ ಮಾರ್ಚ್‌ನಲ್ಲಿ ಒಹಾಯೊದ ವೂಸ್ಟರ್ ಕಾಲೇಜಿನ ಜ್ಯಾಕ್ ಲೆಂಗೈಲ್ ಬಂದರು. ಸಣ್ಣ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ ಅವರು ಈ ಕೆಲಸವನ್ನು ತಾವಾಗಿಯೇ ಕೇಳಿಕೊಂಡು ಬಂದವರು.

ತಂಡ ಕಟ್ಟಿದ ಬಗೆ

ಲೆಂಗೈಲ್ ಬಂದಾಗ ಅವರ ಕೈಯಲ್ಲಿದ್ದದ್ದು ಹಳೆಯ ಮುಖ್ಯ ತಂಡದ ಬೆರಳೆಣಿಕೆಯ ಆಟಗಾರರು ಮತ್ತು ಹಿಂದಿನ ವರ್ಷದ ಮೊದಲ ವರ್ಷದ ಹುಡುಗರು. ಉಳಿದ ಜಾಗಗಳಿಗೆ ಕ್ಯಾಂಪಸ್ಸಿನಲ್ಲೇ ಹುಡುಕಿದರು. ಬೇರೆ ಆಟಗಳ ವಿದ್ಯಾರ್ಥಿಗಳನ್ನೂ, ಹೈಸ್ಕೂಲಿನಲ್ಲಿ ಆಡಿ ಬಿಟ್ಟವರನ್ನೂ, ಆಡುವ ಆಸೆಯಿದ್ದವರನ್ನೂ ಪರೀಕ್ಷಿಸಿ ನೋಡಿದರು. ಹೊರಗಿನ ಹೈಸ್ಕೂಲುಗಳಿಗೆ ಹೋಗಿ ಹುಡುಗರನ್ನು ಒಪ್ಪಿಸುವ ಕೆಲಸವೂ ಜೊತೆಗೇ ನಡೆಯಿತು. ನೇಮಕಾತಿಯ ಮುಖ್ಯ ತಿಂಗಳುಗಳು ಆ ಹೊತ್ತಿಗೆ ಕಳೆದುಹೋಗಿದ್ದವು.

ಇಷ್ಟಾದರೂ ತಂಡ ತುಂಬುತ್ತಿರಲಿಲ್ಲ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎಗೆ ಮಾರ್ಷಲ್ ವಿಶೇಷ ಮನವಿ ಸಲ್ಲಿಸಿತು. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಮುಖ್ಯ ತಂಡದಲ್ಲಿ ಆಡಿಸಲು ಸಂಸ್ಥೆ ಅನುಮತಿ ಕೊಟ್ಟಿತು. ಮರುವರ್ಷ, ಅಂದರೆ 1972ರಿಂದ, ದೇಶದ ಎಲ್ಲ ದೊಡ್ಡ ಕಾಲೇಜುಗಳಿಗೂ ಈ ಅವಕಾಶ ಸಿಕ್ಕಿತು.

ಹೀಗೆ ಸೇರಿದ ತಂಡವನ್ನು ಯಂಗ್ ಥಂಡರಿಂಗ್ ಹರ್ಡ್ ಎಂದು ಕರೆದರು. ರಫಿನ್ ನಾಯಕರಲ್ಲೊಬ್ಬರಾದರು. ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಬಂದವರು ಎರಡನೆಯ ವರ್ಷದ ರೆಜಿ ಆಲಿವರ್. ಅವರೂ ಟಸ್ಕಲೂಸಾದವರೇ; ದುರಂತದಲ್ಲಿ ಸತ್ತ ನಾಲ್ವರು ಓದಿದ ಡ್ರೂಯಿಡ್ ಹೈಸ್ಕೂಲಿನಲ್ಲೇ ಓದಿದವರು. ಅಧ್ಯಕ್ಷ ರಿಚರ್ಡ್ ನಿಕ್ಸನ್ ತಂಡಕ್ಕೆ ಪತ್ರ ಬರೆದು, ಋತುವಿನ ಫಲಿತಾಂಶ ಏನೇ ಆಗಲಿ, 1971ರಲ್ಲಿ ತಂಡವನ್ನು ಮೈದಾನಕ್ಕಿಳಿಸಿದ್ದೇ ದೊಡ್ಡ ಗೆಲುವೆಂದು ಹಾರೈಸಿದರು.

ವೀರ್ ಆಕ್ರಮಣ

ಮೊದಲು ಲೆಂಗೈಲ್ ನೆಚ್ಚಿಕೊಂಡದ್ದು ಪವರ್-ಐ ಪದ್ಧತಿಯನ್ನು. ಎದುರಾಳಿಯನ್ನು ತೂಕದಿಂದ ತಳ್ಳಿ ದಾರಿ ಮಾಡಿಕೊಂಡು ಓಡುವ ಆಕ್ರಮಣ ಅದು. ಆದರೆ ಅವರ ಹುಡುಗರಿಗೆ ಅಷ್ಟು ಮೈಕಟ್ಟು ಇನ್ನೂ ಬಂದಿರಲಿಲ್ಲ. ಇನ್ನೊಂದು ದಾರಿ ಬೇಕಾಯಿತು.

ಹ್ಯೂಸ್ಟನ್ ವಿಶ್ವವಿದ್ಯಾಲಯದ ಬಿಲ್ ಯೋಮನ್ 1960ರ ದಶಕದಲ್ಲಿ ರೂಪಿಸಿದ ವೀರ್ ಎಂಬ ಪದ್ಧತಿಯಲ್ಲಿ ದೇಹಬಲಕ್ಕಿಂತ ವೇಗ ಮತ್ತು ನಿರ್ಧಾರ ಮುಖ್ಯ. ಇದರಲ್ಲಿ ರಕ್ಷಣಾ ಸಾಲಿನ ಒಬ್ಬ ಆಟಗಾರನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅವನ ಚಲನೆಯನ್ನೇ ನೋಡುತ್ತಿರುತ್ತಾನೆ. ಅವನು ಹೊರಗೆ ನಿಂತರೆ ಚೆಂಡನ್ನು ಒಳಗೆ ನುಗ್ಗುವ ಓಟಗಾರನಿಗೆ ಕೊಡುತ್ತಾನೆ. ಅವನು ಒಳಗೆ ಬಂದರೆ ತಾನೇ ಇಟ್ಟುಕೊಂಡು ಹೊರಗೆ ಓಡುತ್ತಾನೆ. ಅಲ್ಲಿ ಇನ್ನೊಬ್ಬ ಅಡ್ಡ ಬಂದರೆ ಪಕ್ಕದಲ್ಲಿ ಓಡುತ್ತಿರುವ ಮತ್ತೊಬ್ಬನಿಗೆ ಎಸೆದುಬಿಡುತ್ತಾನೆ. ತಡೆಯಬೇಕಾದವರ ಸಂಖ್ಯೆ ಹೀಗೆ ಒಂದು ಕಡಿಮೆಯಾಗುತ್ತದೆ. ದುರ್ಬಲ ತಂಡಕ್ಕೆ ಅದೇ ದೊಡ್ಡ ಲಾಭ. ಆದರೆ ಈ ಎಲ್ಲ ತೀರ್ಮಾನಗಳೂ ಅರೆಕ್ಷಣದಲ್ಲಿ ಆಗಬೇಕು. ಅನುಭವವಿಲ್ಲದ ಕೈಯಲ್ಲಿ ಚೆಂಡು ಜಾರಿ ಬೀಳುವ ಅಪಾಯವೂ ಹೆಚ್ಚು.

ಈ ಪದ್ಧತಿಯನ್ನು ಕಲಿಯಲು ನೆರವಾದದ್ದು ನೆರೆಯ ಎದುರಾಳಿ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತರಬೇತುದಾರ ಬಾಬಿ ಬೌಡನ್ ತಮ್ಮ ತಂಡದ ಆಟದ ಕೈಪಿಡಿಗಳನ್ನೂ ಚಿತ್ರಸುರುಳಿಗಳನ್ನೂ ಮಾರ್ಷಲ್‌ನವರ ಮುಂದೆ ತೆರೆದಿಟ್ಟರು. ಆಟದ ಯೋಜನೆಗಳನ್ನು ಗುಟ್ಟಾಗಿ ಕಾಪಾಡಿಕೊಳ್ಳುವ ಈ ವೃತ್ತಿಯಲ್ಲಿ ಇದು ಸಣ್ಣ ಉಪಕಾರವಲ್ಲ. ಬೌಡನ್ ಅವರ ಆಟಗಾರರು ಸತ್ತವರ ನೆನಪಿಗೆ ತಮ್ಮ ಹೆಲ್ಮೆಟ್‌ಗಳ ಮೇಲೆ ಹಸಿರು ಶಿಲುಬೆಯನ್ನೂ ಎಂಯು ಅಕ್ಷರಗಳನ್ನೂ ಹಾಕಿಕೊಂಡಿದ್ದರು. ಬೌಡನ್ ಮುಂದೆ ಫ್ಲೋರಿಡಾ ಸ್ಟೇಟ್ ತಂಡದ ಮೂಲಕ ದೇಶದ ಅತಿ ಯಶಸ್ವಿ ತರಬೇತುದಾರರ ಸಾಲಿಗೆ ಸೇರಿದರು.

ಹತ್ತು ಪಂದ್ಯಗಳು

ಮೊದಲ ಪಂದ್ಯ 1971ರ ಸೆಪ್ಟೆಂಬರ್ 18ರಂದು ಕೆಂಟಕಿಯ ಮೋರ್‌ಹೆಡ್ ಸ್ಟೇಟ್ ವಿರುದ್ಧ ಅವರ ಮೈದಾನದಲ್ಲಿ ನಡೆಯಿತು. ಮಾರ್ಷಲ್ 29–6ರಿಂದ ಸೋತಿತು.

ಒಂದು ವಾರದ ಬಳಿಕ, ಸೆಪ್ಟೆಂಬರ್ 25ರಂದು, ತವರಿನ ಫೇರ್‌ಫೀಲ್ಡ್ ಕ್ರೀಡಾಂಗಣದಲ್ಲಿ ಸಿನ್ಸಿನಾಟಿಯ ಝೇವಿಯರ್ ವಿಶ್ವವಿದ್ಯಾಲಯದ ಜೊತೆ ಪಂದ್ಯ. ದುರಂತದ ನಂತರ ತವರಿನಲ್ಲಿ ನಡೆದ ಮೊದಲ ಪಂದ್ಯ ಅದು. ಆಟದ ಕೊನೆಗೆ ಝೇವಿಯರ್ 13–9ರಿಂದ ಮುಂದಿತ್ತು. ಕೊನೆಯ ಸೆಕೆಂಡುಗಳಲ್ಲಿ ಚೆಂಡು ಮಾರ್ಷಲ್ ಕೈಯಲ್ಲಿ, ಅಂತಿಮ ವಲಯಕ್ಕೆ ಹದಿಮೂರು ಗಜ. ಫೀಲ್ಡ್ ಗೋಲ್‌ನಿಂದ ಸಿಗುವ ಮೂರು ಅಂಕ ಸಾಲದು, ಟಚ್‌ಡೌನೇ ಬೇಕು. ಆಲಿವರ್ ಚೆಂಡು ಹಿಡಿದು ಬಲಕ್ಕೆ ಓಡಿದರು. ಎಸೆತ ಆ ಕಡೆಗೇ ಬರುತ್ತದೆಂದು ಝೇವಿಯರ್ ರಕ್ಷಕರು ಅತ್ತಲೇ ಸರಿದರು. ಅಷ್ಟರಲ್ಲಿ ಓಟಗಾರ ಟೆರಿ ಗಾರ್ಡ್ನರ್ ಯಾರ ಗಮನಕ್ಕೂ ಬಾರದೆ ಎಡಕ್ಕೆ ಜಾರಿಕೊಂಡಿದ್ದರು. ಆಲಿವರ್ ಫಕ್ಕನೆ ತಿರುಗಿ ಮೈದಾನದ ಅಡ್ಡಕ್ಕೆ ಚೆಂಡನ್ನು ಎಸೆದರು. ಗಾರ್ಡ್ನರ್ ಹಿಡಿದರು, ಮುಂದೆ ಓಡುತ್ತಿದ್ದ ಜ್ಯಾಕ್ ಕ್ರ್ಯಾಬ್‌ಟ್ರೀ ದಾರಿಗೆ ಅಡ್ಡ ಬಂದವನನ್ನು ತಡೆದರು. ಗಡಿಯಾರದ ಸಮಯ ಮುಗಿಯುವಾಗ ಗಾರ್ಡ್ನರ್ ಅಂತಿಮ ವಲಯದೊಳಗಿದ್ದರು. ಮಾರ್ಷಲ್ 15–13ರಿಂದ ಗೆದ್ದಿತು. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಪಂದ್ಯ ಮುಗಿದು ಬಹಳ ಹೊತ್ತಾದರೂ ಅವರು ಕದಲಲಿಲ್ಲ.

ಆ ಸಂಭ್ರಮದ ಮುಂದಿನ ವಾರವೇ ವಾಸ್ತವ ಎದುರಾಯಿತು. ಒಹಾಯೊದ ಮಯಾಮಿ ವಿಶ್ವವಿದ್ಯಾಲಯ ಮಾರ್ಷಲ್ ಅನ್ನು 66–6ರಿಂದ ಸೋಲಿಸಿತು. ಎದುರಾಳಿಗಳ ಪಟ್ಟಿ ವರ್ಷಗಳ ಹಿಂದೆಯೇ ನಿಗದಿಯಾಗಿದ್ದರಿಂದ ದುರ್ಬಲ ತಂಡಗಳನ್ನು ಆರಿಸಿಕೊಳ್ಳುವ ಅವಕಾಶ ಇರಲಿಲ್ಲ. ತನ್ನನ್ನು ಅಮಾನತು ಮಾಡಿದ್ದ ಮಿಡ್-ಅಮೆರಿಕನ್ ಕಾನ್ಫರೆನ್ಸ್‌ನ ಬಲಿಷ್ಠ ತಂಡಗಳ ಎದುರೇ ಹೆಚ್ಚಿನ ಪಂದ್ಯಗಳನ್ನು ಆಡಬೇಕಿತ್ತು. ನಾರ್ದರ್ನ್ ಇಲಿನಾಯ್, ಡೇಟನ್, ವೆಸ್ಟರ್ನ್ ಮಿಷಿಗನ್ ವಿರುದ್ಧವೂ ಸೋಲೇ ಬಂತು. ಹಲವು ಪಂದ್ಯಗಳಲ್ಲಿ ಒಂದು ಅಂಕವೂ ಬರಲಿಲ್ಲ.

ಎರಡನೆಯ ಗೆಲುವು ಅಕ್ಟೋಬರ್ 30ರಂದು ಬಂತು. ಹಳೆಯ ವಿದ್ಯಾರ್ಥಿಗಳು ಊರಿಗೆ ಮರಳಿ ಸೇರುವ ಹೋಮ್‌ಕಮಿಂಗ್ ದಿನ ಅದು. ಬೌಲಿಂಗ್ ಗ್ರೀನ್ ತಂಡವನ್ನು ಮಾರ್ಷಲ್ 12–10ರಿಂದ ಮಣಿಸಿತು. ಝೇವಿಯರ್ ಪಂದ್ಯದ ಕೊನೆಯ ಕ್ಷಣದಂಥ ನಾಟಕೀಯ ಘಟ್ಟ ಇಲ್ಲದ ಕಾರಣ ಈ ಗೆಲುವಿನ ಮಾತು ಕಡಿಮೆ ಕೇಳಿಬರುತ್ತದೆ. ಆಟದ ದೃಷ್ಟಿಯಿಂದ ಇದೇ ಹೆಚ್ಚಿನ ಸಾಧನೆ: ಒಂದೂವರೆ ತಿಂಗಳ ಹಿಂದೆ ಒಬ್ಬರ ಆಟ ಇನ್ನೊಬ್ಬರಿಗೆ ತಿಳಿಯದಿದ್ದ ಹುಡುಗರು ಒಕ್ಕೂಟದ ಒಳ್ಳೆಯ ತಂಡವೊಂದನ್ನು ಪಂದ್ಯದುದ್ದಕ್ಕೂ ತಡೆದು ನಿಲ್ಲಿಸಿದ್ದರು.

ನವೆಂಬರಿನ ಮೂರು ಪಂದ್ಯಗಳಲ್ಲಿ ಕೆಂಟ್ ಸ್ಟೇಟ್, ಟೊಲೀಡೊ ಮತ್ತು ಒಹಾಯೊ ವಿಶ್ವವಿದ್ಯಾಲಯಗಳ ಎದುರು ಮಾರ್ಷಲ್ ಸೋತಿತು. ಇವುಗಳಲ್ಲಿ ಟೊಲೀಡೊ ಮೂರು ಋತುಗಳಿಂದ ಸೋಲನ್ನೇ ಕಾಣದ ತಂಡ. ಕ್ವಾರ್ಟರ್‌ಬ್ಯಾಕ್ ಚಕ್ ಈಲಿ ನಾಯಕತ್ವದಲ್ಲಿ ಅದು ಸತತ 35 ಪಂದ್ಯಗಳನ್ನು ಗೆದ್ದದ್ದು ಇದೇ ಅವಧಿಯಲ್ಲಿ. ಅಂಥವರ ಮುಂದೆ ಮಾರ್ಷಲ್‌ನ ಹದಿಹರೆಯದವರು ಅರವತ್ತು ನಿಮಿಷವೂ ನಿಂತು ಆಡಿದರು.

ಸೋಲುಗಳ ಕಾರಣ

ಈ ಎಂಟು ಸೋಲುಗಳಿಗೆ ಧೈರ್ಯ ಅಥವಾ ಶ್ರಮದ ಕೊರತೆ ಕಾರಣವಲ್ಲ. ಮೊದಲನೆಯದು ವಯಸ್ಸು. ಎದುರಾಳಿ ತಂಡಗಳಲ್ಲಿ ಮೂರು-ನಾಲ್ಕು ವರ್ಷ ಪಳಗಿದವರಿದ್ದರೆ, ಮಾರ್ಷಲ್‌ನಲ್ಲಿ ಹೆಚ್ಚಿನವರಿಗೆ ಅದು ಕಾಲೇಜು ಮಟ್ಟದ ಮೊದಲ ಋತು. ಎರಡನೆಯದು ಬದಲಿ ಆಟಗಾರರ ಅಭಾವ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣಕ್ಕೂ ರಕ್ಷಣೆಗೂ ಬೇರೆ ಬೇರೆ ಹನ್ನೊಂದು ಮಂದಿ ಬೇಕು, ಗಾಯಗೊಂಡವರ ಜಾಗಕ್ಕೆ ಮತ್ತಷ್ಟು ಮಂದಿ ಬೇಕು. ಮೂರನೆಯದು ಆಟದ ಪದ್ಧತಿಯ ಹೊಸತನ. ವೀರ್ ಪದ್ಧತಿ ಕೈಗೆ ಹತ್ತಲು ವರ್ಷಗಳು ಬೇಕಾಗುತ್ತವೆ. ಇವರಿಗೆ ಸಿಕ್ಕಿದ್ದು ತಿಂಗಳುಗಳು. ಇದೆಲ್ಲದರ ಮೇಲೆ, ಪ್ರತಿ ಪಂದ್ಯವೂ ಅವರಿಗೆ ಸತ್ತವರ ಜಾಗದಲ್ಲಿ ನಿಂತು ಆಡುವ ಪಂದ್ಯವಾಗಿತ್ತು. ಹತ್ತೊಂಬತ್ತರ ಹುಡುಗರ ಮೇಲೆ ಇಡೀ ಊರಿನ ದುಃಖದ ಭಾರವಿತ್ತು.

ಮುಂದಿನ ವರ್ಷಗಳು

1971ರ ಕಥೆಯನ್ನು ಸಾಮಾನ್ಯವಾಗಿ ಝೇವಿಯರ್ ಗೆಲುವಿನೊಂದಿಗೆ ನಿಲ್ಲಿಸಿ, ಮುಂದಿನ ದಶಕಗಳ ಯಶಸ್ಸಿಗೆ ಜೋಡಿಸಿ ಹೇಳುತ್ತಾರೆ. ನಡುವಿನ ವರ್ಷಗಳನ್ನು ಬಿಟ್ಟರೆ ಆ ಕಥೆ ಅಪೂರ್ಣ. ಲೆಂಗೈಲ್ ನಾಲ್ಕು ಋತುಗಳಲ್ಲಿ 9 ಪಂದ್ಯ ಗೆದ್ದು 33ರಲ್ಲಿ ಸೋತರು. 1972ರಲ್ಲಿ ಮತ್ತೆ ಎರಡೇ ಗೆಲುವು, 1973ರಲ್ಲಿ ನಾಲ್ಕು, 1974ರಲ್ಲಿ ಒಂದು. ಅವರು ಹೋದ ಮೇಲೂ ಸೋಲು ನಿಲ್ಲಲಿಲ್ಲ. ಸೋಲಿಗಿಂತ ಹೆಚ್ಚು ಗೆಲುವು ಕಂಡ ಋತು ಬಂದದ್ದು 1984ರಲ್ಲಿ, ಸ್ಟ್ಯಾನ್ ಪ್ಯಾರಿಷ್ ತರಬೇತಿಯಲ್ಲಿ. ಅದಕ್ಕೆ ಹಿಂದಿನ ಅಂಥ ಋತು 1964ರದು. ದುರಂತದ ನಂತರ ಹದಿಮೂರು ಋತುಗಳ ಕಾಲ ಹುಡುಗರು ಈ ಹಸಿರು ಅಂಗಿ ತೊಟ್ಟು, ಗೆಲ್ಲುವುದಕ್ಕಿಂತ ಹೆಚ್ಚು ಸೋಲುತ್ತ, ತಂಡವನ್ನು ಉಳಿಸಿದರು. ಅವರಲ್ಲಿ ಬಹುಪಾಲು ಮಂದಿಯ ಹೆಸರು ಯಾವ ಸಿನಿಮಾದಲ್ಲೂ ಇಲ್ಲ.

ಅಲ್ಲಿಂದ ಮುಂದೆ ಮಾರ್ಷಲ್ ಏರುತ್ತಲೇ ಹೋಯಿತು. ಎರಡನೆಯ ಸ್ತರವಾದ ಡಿವಿಷನ್ ಒನ್-ಡಬಲ್ ಎನಲ್ಲಿ 1987ರಲ್ಲಿ ಫೈನಲ್ ತಲುಪಿತು, 1992 ಮತ್ತು 1996ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. 1996ರ ತಂಡ ಆಡಿದ 15 ಪಂದ್ಯಗಳನ್ನೂ ಗೆದ್ದಿತು. 1997ರಲ್ಲಿ ಮೇಲಿನ ಸ್ತರಕ್ಕೆ ಬಡ್ತಿ ಪಡೆದು, ಹಿಂದೆ ತನ್ನನ್ನು ಹೊರಗಿಟ್ಟಿದ್ದ ಮಿಡ್-ಅಮೆರಿಕನ್ ಕಾನ್ಫರೆನ್ಸ್‌ಗೇ ಮರಳಿತು. 1999ರಲ್ಲಿ 13 ಪಂದ್ಯಗಳನ್ನೂ ಗೆದ್ದು ಅಜೇಯವಾಗಿ ಉಳಿಯಿತು. ರ್‍ಯಾಂಡಿ ಮಾಸ್, ಚಾಡ್ ಪೆನ್ನಿಂಗ್ಟನ್, ಬೈರನ್ ಲೆಫ್ಟ್‌ವಿಚ್ ಮುಂತಾದವರು ಇಲ್ಲಿಂದ ವೃತ್ತಿಪರ ಲೀಗ್‌ಗೆ ಹೋದರು. ಲೆಂಗೈಲ್ ಮುಂದೆ ಮಿಸೌರಿ ವಿಶ್ವವಿದ್ಯಾಲಯ ಮತ್ತು ಅಮೆರಿಕದ ನೌಕಾ ಅಕಾಡೆಮಿಗಳಲ್ಲಿ ಕ್ರೀಡಾ ನಿರ್ದೇಶಕರಾದರು. ನೇಟ್ ರಫಿನ್ 2001ರಲ್ಲಿ ತೀರಿಕೊಂಡಾಗ, ಗುರುತು ಸಿಗದ ಆ ಆರು ಗೆಳೆಯರಿರುವ ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲೇ ಅವರಿಗೂ ಸಮಾಧಿಯಾಯಿತು.

ಸ್ಮಾರಕ ಮತ್ತು ಸಿನಿಮಾ

ಮಾರ್ಷಲ್ ಕ್ಯಾಂಪಸ್ಸಿನ ವಿದ್ಯಾರ್ಥಿ ಕೇಂದ್ರದ ಮುಂದೆ ಶಿಲ್ಪಿ ಹ್ಯಾರಿ ಬರ್ಟೋಯಿಯಾ ರೂಪಿಸಿದ ಲೋಹದ ಸ್ಮಾರಕ ಕಾರಂಜಿ ಇದೆ. ಇದು 1972ರ ನವೆಂಬರ್ 12ರಂದು ಅರ್ಪಣೆಯಾಯಿತು. ಬರ್ಟೋಯಿಯಾ ಅದನ್ನು ಸಾವಿನ ಗುರುತಾಗಿಸದೆ, ಮೇಲಕ್ಕೆ ಚಿಮ್ಮುವ ಜೀವದ ರೂಪವಾಗಿಸಲು ಬಯಸಿದ್ದರು. ಪ್ರತಿವರ್ಷ ನವೆಂಬರ್ 14ರಂದು ಸಭೆ ಸೇರಿ, ಸತ್ತ 75 ಮಂದಿಯ ಹೆಸರು ಓದಿ, ಕಾರಂಜಿಯ ನೀರನ್ನು ನಿಲ್ಲಿಸುತ್ತಾರೆ. ವಸಂತದಲ್ಲಿ ಅದನ್ನು ಮತ್ತೆ ಹರಿಸುತ್ತಾರೆ. ತಂಡ ಕೊನೆಯ ಪಂದ್ಯವಾಡಿದ ಈಸ್ಟ್ ಕ್ಯಾರೊಲಿನಾ ವಿಶ್ವವಿದ್ಯಾಲಯವೂ 2006ರಲ್ಲಿ ತನ್ನ ಕ್ರೀಡಾಂಗಣದಲ್ಲಿ ಸ್ಮಾರಕ ಫಲಕ ಇರಿಸಿತು.

ಅದೇ ವರ್ಷ ತೆರೆಕಂಡ ‘ವಿ ಆರ್ ಮಾರ್ಷಲ್’ ಸಿನಿಮಾ ಈ ಕಥೆಯನ್ನು ಜಗತ್ತಿಗೆ ಮುಟ್ಟಿಸಿತು. ಮ್ಯಾಕ್‌ಜಿ ನಿರ್ದೇಶನದ ಈ ಚಿತ್ರದಲ್ಲಿ ಲೆಂಗೈಲ್ ಪಾತ್ರವನ್ನು ಮ್ಯಾಥ್ಯೂ ಮೆಕಾನಹೇ, ಡಾಸನ್ ಪಾತ್ರವನ್ನು ಮ್ಯಾಥ್ಯೂ ಫಾಕ್ಸ್ ಮಾಡಿದ್ದಾರೆ. ಕಥೆಯ ಅನುಕೂಲಕ್ಕೆ ಕೆಲವು ಘಟನೆಗಳನ್ನು ಬದಲಿಸಿಕೊಂಡಿದ್ದರೂ, ಬೌಡನ್ ಅವರ ನೆರವು, ಮೊದಲ ವರ್ಷದ ವಿದ್ಯಾರ್ಥಿಗಳಿಗಾಗಿ ನಡೆದ ಪ್ರಯತ್ನ, ಝೇವಿಯರ್ ಗೆಲುವು ಇವೆಲ್ಲ ನಿಜವಾಗಿ ನಡೆದವು.

ಇತರ ಸೋಲಿನ ಸರಣಿಗಳು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇದಕ್ಕಿಂತ ದೀರ್ಘವಾದ ಸೋಲುಗಳಿವೆ. ಟೆಕ್ಸಸ್‌ನ ಪ್ರೇರಿ ವ್ಯೂ ಎ ಆ್ಯಂಡ್ ಎಂ 1989ರಿಂದ 1998ರವರೆಗೆ ಸತತ 80 ಪಂದ್ಯಗಳನ್ನು ಸೋತದ್ದು ಎನ್‌ಸಿಎಎ ದಾಖಲೆ. ಕಪ್ಪು ವಿದ್ಯಾರ್ಥಿಗಳಿಗಾಗಿ ಸ್ಥಾಪನೆಯಾದ ಈ ಸಂಸ್ಥೆ ಹಣದ ಮುಗ್ಗಟ್ಟಿನಿಂದ 1990ರ ಋತುವನ್ನೇ ರದ್ದು ಮಾಡಿತ್ತು. ಮುಂದೆಯೂ ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಲಾಗದೆ ಎದುರಾಳಿಗಳಿಗೆ ಸಮನಾಗಲಿಲ್ಲ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ 1983ರಿಂದ 1988ರ ನಡುವೆ ಸತತ 44 ಪಂದ್ಯ ಸೋತು, ಕೊನೆಗೆ ಪ್ರಿನ್ಸ್‌ಟನ್ ವಿರುದ್ಧ 16–13ರಿಂದ ಗೆದ್ದಿತು. ಇಲಿನಾಯ್‌ನ ನಾರ್ತ್‌ವೆಸ್ಟರ್ನ್ 1979ರಿಂದ 1982ರವರೆಗೆ 34 ಸೋಲು ಕಂಡು, 1995ರ ಋತುವಿನಲ್ಲಿ ತನ್ನ ಒಕ್ಕೂಟದ ಚಾಂಪಿಯನ್ ಆಗಿ ಪ್ರತಿಷ್ಠಿತ ರೋಸ್ ಬೌಲ್ ತಲುಪಿತು.

ಈ ಸರಣಿಗಳಿಗೆ ಹಣ, ಪ್ರವೇಶದ ಕಠಿಣ ನಿಯಮ, ಆಡಳಿತದ ಆದ್ಯತೆ ಹೀಗೆ ಬೇರೆ ಬೇರೆ ಕಾರಣಗಳಿವೆ. ಪ್ರತಿ ವಾರ ಸೋಲು ಖಚಿತವೆಂದು ಗೊತ್ತಿದ್ದೂ ಅಭ್ಯಾಸಕ್ಕೆ ಬಂದ ವಿದ್ಯಾರ್ಥಿಗಳು ಮಾತ್ರ ಎಲ್ಲ ಕಡೆಯೂ ಇದ್ದರು. ಸೋತ ತಂಡವನ್ನು ಗೇಲಿ ಮಾಡುವುದು ಪತ್ರಿಕೆಗಳಿಗೂ ಪ್ರೇಕ್ಷಕರಿಗೂ ಸುಲಭ. ಆದರೆ ಕಾಲೇಜು ಕ್ರೀಡೆ ವಿದ್ಯಾಭ್ಯಾಸದ ಭಾಗವೆಂದು ಹೇಳಿಕೊಳ್ಳುವುದಾದರೆ, ಅದರ ಪಾಠ ಹೆಚ್ಚು ನಡೆಯುವುದು ಇಂಥ ತಂಡಗಳಲ್ಲೇ.

ಋತುವಿನ ಮಹತ್ವ

ಮಾರ್ಷಲ್‌ನ 1971ರ ಋತುವಿನ ಬೆಲೆಯನ್ನು ಮುಂದೆ ಬಂದ ಟ್ರೋಫಿಗಳಿಂದ ಅಳೆಯುವುದು ಸರಿಯಲ್ಲ. ಆ ಟ್ರೋಫಿಗಳು ಬರದೇ ಹೋಗಿದ್ದರೂ ಅದು ಇಷ್ಟೇ ಬೆಲೆಯುಳ್ಳ ಋತು. ಆ ವರ್ಷದ ಆಟಗಾರರಿಗೆ 1992 ಅಥವಾ 1999ರ ಗೆಲುವುಗಳ ಭರವಸೆ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇಷ್ಟು: ಮುಂದಿನ ಶನಿವಾರ ಬಹುಶಃ ಸೋಲುತ್ತೇವೆ, ಆದರೂ ಆಡಬೇಕು. ಎರಡು ಗೆಲುವುಗಳು ಊರಿಗೆ ಸಂತೋಷ ತಂದವು. ಎಂಟು ಸೋಲುಗಳು ಅದಕ್ಕಿಂತ ಮುಖ್ಯವಾದದ್ದನ್ನು ಮರಳಿಸಿದವು. ಶನಿವಾರದ ಪಂದ್ಯ, ಅದಕ್ಕೆ ಸೇರುವ ಜನ, ಸೋಲಿಗೆ ಬೇಸರಪಟ್ಟು ಮುಂದಿನ ವಾರಕ್ಕೆ ಕಾಯುವ ಅಭ್ಯಾಸ ಹಂಟಿಂಗ್ಟನ್‌ಗೆ ಮತ್ತೆ ಬಂತು. ಸೋತದ್ದಕ್ಕೆ ಬೇಸರಪಡುವುದೂ ಸಾಮಾನ್ಯ ಬದುಕಿನ ಭಾಗವೇ. ಹಿಂದಿನ ನವೆಂಬರಿನಲ್ಲಿ ಆ ಊರಿಗೆ ಅದೂ ಇಲ್ಲವಾಗಿತ್ತು. 1971ರ ತಂಡ ಹತ್ತೂ ಪಂದ್ಯಗಳನ್ನು ಆಡಿ ಮುಗಿಸಿತು. ಅದರಿಂದಾಗಿ 1972ರಲ್ಲಿ ಮಾರ್ಷಲ್‌ಗೆ ಒಂದು ತಂಡವಿತ್ತು.